ಗೊತ್ತಿದೆ, ಆದರೆ ಮಾಡಿಸಿಲ್ಲ

ಕೊಚ್ಚಿ ನಗರದಿಂದ ಸೇತುವೆ ದಾಟಿದರೆ ವೈಪಿನ್ ದ್ವೀಪ. ಎರ್ನಾಕುಲಂ ಜಿಲ್ಲೆಯ ಈ ವೈಪಿನ್ ಬ್ಲಾಕಿನ ನಾಲ್ಕು ಪಂಚಾಯಿತಿಗಳಲ್ಲಿ ಸಂಶೋಧಕರು ಮನೆಮನೆಗೆ ಹೋಗಿ 809 ಹೆಂಗಸರನ್ನು ಮಾತಾಡಿಸಿದರು. ಕೇಳಿದ್ದು ಗರ್ಭಕಂಠದ ಕ್ಯಾನ್ಸರ್ ಬಗ್ಗೆ. ಆ ಅಧ್ಯಯನ 2012ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟವಾಯಿತು. ಈ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡುವ ಪರೀಕ್ಷೆಯೊಂದಿದೆ ಎಂದು ನೂರಕ್ಕೆ 74 ಮಂದಿಗೆ ಗೊತ್ತಿತ್ತು. ಮಾಡಿಸಿಕೊಂಡವರು? ನೂರಕ್ಕೆ 6.9.

ಈ ಎರಡು ಸಂಖ್ಯೆಗಳ ನಡುವಿನ ಅಂತರದ ಬಗ್ಗೆಯೇ ನಾನು ಇಲ್ಲಿ ಹೇಳಬೇಕಿರುವುದು. ಕೇರಳ ಅಂದ್ರೆ ನಮ್ಮ ಕಣ್ಣಿಗೆ ಬರುವುದೇ ಓದು, ಆಸ್ಪತ್ರೆ, ನರ್ಸು. ಹೆಂಗಸರು ಓದಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಶಿಕ್ಷಕರು ತುಸು ಜಾಸ್ತಿಯೇ ನಂಬುತ್ತೇವೆ. ಅಲ್ಲೇ ಹೀಗಾದರೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಭಾರತದ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ, 1.9. ಮುಂದಿದ್ದ ತಮಿಳುನಾಡು ಕೂಡ ಹತ್ತನ್ನು ಮುಟ್ಟಿರಲಿಲ್ಲ. ನಮ್ಮ ಕರ್ನಾಟಕ ಕೇರಳಕ್ಕಿಂತಲೂ ಹಿಂದೆ. ಇನ್ನೊಂದು ಕಡೆ 2022ರ ಅಂತಾರಾಷ್ಟ್ರೀಯ ಅಂದಾಜು ನೋಡಿ: ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು.

ಮಾಡಿಸಿಕೊಳ್ಳದವರು ವೈಪಿನ್‌ನಲ್ಲಿ ಏನು ಕಾರಣ ಕೊಟ್ಟರು? ದುಡ್ಡಿಲ್ಲ, ಸಮಯವಿಲ್ಲ ಎಂದವರಿದ್ದರು, ಪರೀಕ್ಷೆಗೆ ಹೆದರಿದವರೂ ಇದ್ದರು. ಆದರೆ ಅವರಿಗಿಂತ ಬಹಳ ಹೆಚ್ಚು ಮಂದಿಯ ಉತ್ತರ ಬೇರೆ: ನನಗೆ ಯಾವ ತೊಂದರೆಯೂ ಇಲ್ಲ, ಬೇಕೆನಿಸಲಿಲ್ಲ, ಆ ಪರೀಕ್ಷೆ ಏನೆಂದು ಸರಿಯಾಗಿ ಗೊತ್ತಿಲ್ಲ. ನಮ್ಮ ಮನೆಗಳಲ್ಲಿ ಖಾಲಾಗಳೂ ಆಪಾಗಳೂ ಹೇಳುವುದು ಇದನ್ನೇ ಅಲ್ವಾ? "ಮುಝೆ ಕ್ಯಾ ಹುವಾ ಹೈ?"

ಈ ಮಾತು ಎಲ್ಲಿ ತಪ್ಪುತ್ತದೆ ಎಂದು ತಿಳಿಯಲು ರೋಗದ ನಡೆ ಗೊತ್ತಿರಬೇಕು. ಗರ್ಭಕಂಠ ಅಂದರೆ ಬಚ್ಚಾದಾನಿಯ ಬಾಯಿ. ಅಲ್ಲಿ ಬರುವ ಕ್ಯಾನ್ಸರಿಗೆ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಎಚ್‌ಪಿವಿ ಎಂಬ ವೈರಸ್ ಕಾರಣ. ಈ ನಂಟನ್ನು ತೋರಿಸಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ದಾಂಪತ್ಯ ಸಂಪರ್ಕದಿಂದ ಹರಡುವ ಈ ವೈರಸ್ ತುಂಬ ಸಾಮಾನ್ಯ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ ಉಳಿದು ಅಲ್ಲಿನ ಜೀವಕೋಶಗಳನ್ನು ನಿಧಾನಕ್ಕೆ ಬದಲಾಯಿಸುತ್ತದೆ. ಆ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು-ಹದಿನೈದು ವರ್ಷಕ್ಕೂ ಹೆಚ್ಚು ಬೇಕು. ಅಷ್ಟೂ ವರ್ಷ ನೋವಿಲ್ಲ, ರಕ್ತವಿಲ್ಲ, ಏನೂ ಇಲ್ಲ. ಪರೀಕ್ಷೆ ಇರುವುದು ಆ ವರ್ಷಗಳಿಗಾಗಿಯೇ. ಏನೂ ಆಗದವರೇ ಅದನ್ನು ಮಾಡಿಸಿಕೊಳ್ಳಬೇಕಾದವರು. ದಾಂಪತ್ಯದ ನಂತರ ರಕ್ತ ಕಾಣುವುದು, ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಬರುವುದು, ವಾಸನೆಯ ಬಿಳಿಸೆರಗು, ಇವೆಲ್ಲ ಇದ್ದರೆ ಕ್ಯಾಂಪು ಕಾಯಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.

ಪರೀಕ್ಷೆ ಅಂದರೆ ದೊಡ್ಡ ಯಂತ್ರ, ದೊಡ್ಡ ಖರ್ಚು ಎಂಬ ಭಯ ಇದ್ದರೆ ತಿರುವನಂತಪುರದ ಕಡೆ ನೋಡಬೇಕು. ಅಲ್ಲಿನ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ 1981ರಲ್ಲಿ ಶುರುವಾದದ್ದು. ಜನ ಆರ್‌ಸಿಸಿ ಅಂತಾರೆ. ಪ್ಯಾಪ್ ಪರೀಕ್ಷೆಗೆ ಸೂಕ್ಷ್ಮದರ್ಶಕ ಬೇಕು, ಅದನ್ನು ಓದಬಲ್ಲ ಪರಿಣತರು ಬೇಕು, ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕು. ಇದಿಲ್ಲದ ಊರುಗಳಲ್ಲಿ ಏನು ಮಾಡುವುದು? ಗರ್ಭಕಂಠಕ್ಕೆ ತಿಳಿಯಾದ ಅಸಿಟಿಕ್ ಆಮ್ಲ ಸವರಿ, ಒಂದು ನಿಮಿಷ ಬಿಟ್ಟು ಬರಿಗಣ್ಣಿನಲ್ಲಿ ನೋಡುವ ವಿಧಾನವನ್ನು ತಿರುವನಂತಪುರದಲ್ಲಿ 3000 ಹೆಂಗಸರ ಮೇಲೆ ಪ್ಯಾಪ್ ಜೊತೆಗೇ ಪರೀಕ್ಷಿಸಿ ನೋಡಿದರು. ಬದಲಾದ ಭಾಗ ಇದ್ದರೆ ಬೆಳ್ಳಗೆ ಕಾಣುತ್ತದೆ. ಆಮ್ಲ ಅಂದಾಕ್ಷಣ ಗಾಬರಿ ಬೇಡ, ಅಡುಗೆಯ ವಿನೆಗರ್‌ನಲ್ಲಿ ಇರುವುದೂ ಅದೇ. (ಹಾಗಂತ ಮನೆಯಲ್ಲಿ ಪ್ರಯೋಗ ಮಾಡುವುದಲ್ಲ!) ಬದಲಾವಣೆ ಹಿಡಿಯುವುದರಲ್ಲಿ ಅದು ಪ್ಯಾಪ್‌ಗೆ ಸರಿಸಮನಾಗಿ ನಿಂತಿತು ಎಂದು 1998ರಲ್ಲಿ ವರದಿಯಾಯಿತು. ಅದರ ದೌರ್ಬಲ್ಯವೂ ಇದೆ: ರೋಗವಿಲ್ಲದಿದ್ದರೂ ಕೆಲವರಲ್ಲಿ ಬೆಳ್ಳಗೆ ಕಾಣುತ್ತದೆ. ಆದ್ದರಿಂದ "ಪಾಸಿಟಿವ್" ಅಂದರೆ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ.

ಆ ಅಧ್ಯಯನದ ಮುಂದಾಳು ಡಾ. ಆರ್. ಶಂಕರನಾರಾಯಣನ್ ಆರ್‌ಸಿಸಿಯಲ್ಲಿ ಕೆಲಸ ಮಾಡಿದವರು, ನಂತರ ಫ್ರಾನ್ಸಿನ ಲಿಯೋನ್‌ನಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಹೋದರು. ಅವರ ತಂಡ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1 ಲಕ್ಷ 31 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾದ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ವೈರಸ್ಸನ್ನೇ ಹುಡುಕುವ ಈ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಈಗ ಮೊದಲ ಆಯ್ಕೆಯಾಗಿ ಹೇಳುತ್ತದೆ. ಇದರಲ್ಲಿ ನಮ್ಮ ಹೆಂಗಸರಿಗೆ ಒಂದು ದೊಡ್ಡ ಅನುಕೂಲವಿದೆ: ಎಲ್ಲಿ ಆ ವ್ಯವಸ್ಥೆ ಮಾಡಿದ್ದಾರೋ ಅಲ್ಲಿ ಮಾದರಿಯನ್ನು ಪರದೆಯ ಹಿಂದೆ ತಾನೇ ಬ್ರಷ್‌ನಿಂದ ತೆಗೆದುಕೊಡಬಹುದು.

ಇನ್ನು ಶರಮ್. ಅದನ್ನು ಮೂರ್ಖತನ ಎನ್ನಲು ನಾನು ತಯಾರಿಲ್ಲ. ಅಪರಿಚಿತರ ಮುಂದೆ ಮೊಣಕಾಲು ಮಡಚಿ ಮಲಗುವುದು ಯಾರಿಗೂ ಸುಲಭವಲ್ಲ, ಯಾವ ಧರ್ಮದವರಿಗೂ. ಆದರೆ ಹೆರಿಗೆಗೆ ಹೋದ ನಾವು ಇದಕ್ಕೂ ಹೋಗಬಹುದು. ಮಹಿಳಾ ಸಿಬ್ಬಂದಿಯೇ ಬೇಕು ಎಂದು ಕೇಳುವುದು ನಿಮ್ಮ ಹಕ್ಕು. ವಿನೆಗರ್ ಪರೀಕ್ಷೆಯನ್ನು ತರಬೇತಾದ ನರ್ಸ್ ಕೂಡ ಮಾಡುತ್ತಾರೆ. ಕೆಲವೇ ನಿಮಿಷ, ಸ್ವಲ್ಪ ಉರಿ ಅನಿಸಬಹುದು, ಅಷ್ಟೆ.

ಶರಮ್‌ಗಿಂತ ನನಗೆ ಹೆಚ್ಚು ಕಾಡುವುದು ಎರಡು ಮಾತುಗಳು. ಒಂದು, "ನಮ್ಮಲ್ಲಿ ಗಂಡಸರಿಗೆ ಖತ್ನಾ ಆಗಿರುತ್ತದೆ, ನಮಗೆ ಈ ರೋಗ ಬರಲ್ಲ." ಇದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಅಪಾಯ ಜಾಸ್ತಿ. ಖತ್ನಾ ಆದವರಲ್ಲಿ ಎಚ್‌ಪಿವಿ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಇನ್ನೊಂದು, ವೈರಸ್ ಸಿಕ್ಕಿತು ಅಂದಾಕ್ಷಣ ಹೆಂಗಸಿನ ನಡತೆಯ ಮೇಲೆ ಬೆರಳು ತೋರಿಸುವುದು. ವೈರಸ್ ದೇಹದಲ್ಲಿ ವರ್ಷಗಟ್ಟಲೆ ಸುಮ್ಮನೆ ಇರಬಲ್ಲದು, ಯಾರಿಂದ ಯಾವಾಗ ಬಂತು ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಗಂಡನನ್ನೇ ಬಲ್ಲ, ಗಂಡನೂ ಇವಳನ್ನೇ ಬಲ್ಲ ಎನ್ನುವ ಮನೆಗಳಲ್ಲಿ ಸಂಶಯ ಹುಟ್ಟಿಸಲು ಈ ಒಂದು ಅಜ್ಞಾನ ಸಾಕು. ಗಂಡಸರೇ, ದಯವಿಟ್ಟು ಈ ಪ್ಯಾರಾವನ್ನು ಎರಡು ಸಲ ಓದಿ.

ಕೇರಳ ಸರ್ಕಾರ 2025ರ ಫೆಬ್ರವರಿ 4ರಿಂದ, ಅಂದರೆ ವಿಶ್ವ ಕ್ಯಾನ್ಸರ್ ದಿನದಿಂದ, ಮಾರ್ಚ್ 8ರವರೆಗೆ "ಆರೋಗ್ಯಂ ಆನಂದಂ, ಅಕಟ್ಟಾಂ ಅರ್ಬುದಂ" ಎಂಬ ಅಭಿಯಾನ ನಡೆಸಿತು. ಅರ್ಬುದ ಎಂದರೆ ಕ್ಯಾನ್ಸರ್, ಅದನ್ನು ದೂರವಿಡೋಣ ಎಂದು ಅರ್ಥ. ಮೊದಲ ಹಂತ ಹೆಂಗಸರಿಗೇ ಮೀಸಲು: ಸ್ತನ ಮತ್ತು ಗರ್ಭಕಂಠದ ತಪಾಸಣೆ. ನಟಿ ಮಂಜು ವಾರಿಯರ್ ಕೂಡ ಪ್ರಚಾರಕ್ಕೆ ಬಂದರು. ನನಗೆ ಇಷ್ಟವಾದದ್ದು, ರೋಗ ಬಂದವರನ್ನು ಹುಡುಕುವ ಬದಲು ಚೆನ್ನಾಗಿರುವವರನ್ನು ಕರೆದದ್ದು. ವೈಪಿನ್‌ನ ಹೆಂಗಸರ ಉತ್ತರಕ್ಕೆ ಬೇಕಿದ್ದುದು ಇದೇ.

ನಿಮ್ಮ ಊರಿನಲ್ಲಿ ಹೇಗೆ? ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ. ಆಶಾ ಕಾರ್ಯಕರ್ತೆಯನ್ನೋ ತಾಲ್ಲೂಕು ಆಸ್ಪತ್ರೆಯನ್ನೋ ಕೇಳಿ, ಯಾವ ದಿನ ಮಾಡುತ್ತಾರೆ ಎಂದು ತಿಳಿದುಕೊಳ್ಳಿ. ಮುಟ್ಟಿನ ದಿನಗಳಲ್ಲಿ ಬೇಡ. ಮುಟ್ಟು ನಿಂತವರಲ್ಲಿ ವಿನೆಗರ್‌ನಿಂದ ಸರಿಯಾಗಿ ಕಾಣದೇ ಇರಬಹುದು, ಅವರು ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಬಗ್ಗೆ ಕೇಳಿ. ಹೆಣ್ಣುಮಕ್ಕಳಿಗೆ 9ರಿಂದ 14ರೊಳಗೆ ಲಸಿಕೆ ಕೊಡಿಸಬಹುದು. ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ 2023ರಲ್ಲಿ ಬಂದಿದೆ. ಆದರೆ ಲಸಿಕೆ ಹಾಕಿಸಿಕೊಂಡ ಹುಡುಗಿಯೂ ಮೂವತ್ತಾದ ಮೇಲೆ ಪರೀಕ್ಷೆ ಮಾಡಿಸಬೇಕು. ರೋಜಾ ಇದ್ದಾಗ ಒಳಪರೀಕ್ಷೆ ಮಾಡಿಸುವ ಬಗ್ಗೆ ಮಝ್‌ಹಬ್‌ಗಳಲ್ಲಿ ಭಿನ್ನ ಅಭಿಪ್ರಾಯವಿದೆ, ಆ ಗೊಂದಲವೇ ಬೇಡ, ರಮಝಾನ್‌ಗೆ ಮೊದಲೋ ಈದ್ ಆದ ಮೇಲೋ ದಿನ ಗೊತ್ತು ಮಾಡಿಕೊಳ್ಳಿ. ಪರೀಕ್ಷೆಯಾದ ಮೇಲೆ ಫಲಿತಾಂಶವನ್ನು ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಚೀಟಿಯಲ್ಲಿ ಬರೆಸಿಕೊಂಡು ಆಧಾರ್, ರೇಷನ್ ಕಾರ್ಡ್ ಇಡುವ ಕವರಿನಲ್ಲೇ ಇಡಿ. ಮುಂದಿನ ಸಲ ಅದನ್ನೇ ಕೇಳುತ್ತಾರೆ.