ತುಕ್ಕು ಹಿಡಿದ ಟ್ರ್ಯಾಕ್ಟರ್ ಚಕ್ರ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಮಣ್ಣು ಒದ್ದೆಯಾದಾಗ ಚಕ್ರಕ್ಕೆ ಮೆತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ತೊಗರಿ ಹೊಲದಿಂದ ಬಂದ ಟ್ರ್ಯಾಕ್ಟರನ್ನು ತೊಳೆಯದೆ ನಿಲ್ಲಿಸಿದರೆ ರಿಮ್ಮಿನ ಮೇಲಿನ ಕೆಸರು ದಿನಗಟ್ಟಲೆ ತೇವ ಹಿಡಿದಿರುತ್ತದೆ. ಅದು ಉದುರಿದ ಮೇಲೆ, ಬಣ್ಣ ಕಿತ್ತುಹೋದ ಕಡೆ ಉಕ್ಕಿನಲ್ಲಿ ಸಣ್ಣ ಕುಳಿಗಳು ಕಾಣುತ್ತವೆ. ತುಕ್ಕಿಗೆ ಗಾಳಿ ಬೇಕು ಎಂದು ಪಾಠದಲ್ಲಿ ಓದಿದ್ದೇವೆ. ಹಾಗಿದ್ದರೆ ಗಾಳಿ ಕಡಿಮೆ ಇರುವ ಜಾಗವೇ ಹೆಚ್ಚು ಸವೆಯುವುದೇಕೆ?

ತುಕ್ಕು ಹಿಡಿಯುವುದು ವಿದ್ಯುದ್ರಾಸಾಯನಿಕ ಕ್ರಿಯೆ. ಒಂದೆಡೆ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟು ಅಯಾನುಗಳಾಗಿ ಕರಗುತ್ತವೆ, ಅದು ಆನೋಡ್. ಇನ್ನೊಂದೆಡೆ ನೀರು ಮತ್ತು ಆಕ್ಸಿಜನ್ ಆ ಎಲೆಕ್ಟ್ರಾನುಗಳನ್ನು ಪಡೆದು ಹೈಡ್ರಾಕ್ಸಿಲ್ ಅಯಾನುಗಳಾಗುತ್ತವೆ, ಅದು ಕ್ಯಾಥೋಡ್. ಆಕ್ಸಿಜನ್ ಹೆಚ್ಚು ದೊರೆಯುವ ಕಡೆ ಕ್ಯಾಥೋಡ್ ಆಗುವುದರಿಂದ, ಕೆಸರಿನ ಅಡಿಯ ಉಕ್ಕು ಆನೋಡ್ ಆಗಿ ಕರಗುತ್ತದೆ.

ಇದನ್ನು ತರಗತಿಯಲ್ಲಿ ತೋರಿಸಬಹುದು. ಉಜ್ಜಿ ಹೊಳಪಾಗಿಸಿದ ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಒಂದು ದೊಡ್ಡ ಹನಿ ಇಡಿ. ಅದರಲ್ಲಿ ಫಿನಾಲ್ಫ್ತಲೀನ್ ಮತ್ತು ಪೊಟ್ಯಾಸಿಯಮ್ ಫೆರಿಸಯನೈಡ್ ಸ್ವಲ್ಪ ಬೆರೆತಿರಲಿ (ಫೆರಿಸಯನೈಡಿನ ಹತ್ತಿರ ಆಮ್ಲ ತರಬಾರದು). ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುವೆ ನೀಲಿ, ಗಾಳಿ ಸುಲಭವಾಗಿ ಸಿಗುವ ಅಂಚಿನಲ್ಲಿ ಗುಲಾಬಿ ಬಣ್ಣ ಮೂಡುತ್ತದೆ. ನೀಲಿ ಎಂದರೆ ಕಬ್ಬಿಣ ಕರಗುತ್ತಿರುವ ಜಾಗ.

ಉಪ್ಪು ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಶೀತದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವುದರಿಂದ ಹಳೆಯ ಸ್ಪೋರ್ಟ್ಸ್ ಕಾರುಗಳ ಅಲ್ಯೂಮಿನಿಯಮ್ ಚಕ್ರಗಳೂ ಬಿಳಿ ಪುಡಿಯೆದ್ದು ಹಾಳಾಗುತ್ತವೆ. ನಮ್ಮಲ್ಲಿ ಆ ಕೆಲಸಕ್ಕೆ ಗೊಬ್ಬರವಿದೆ: ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಮ್ ಕ್ಲೋರೈಡ್. ಗೊಬ್ಬರ ಸಾಗಿಸಿದ ದಿನವೇ ಚಕ್ರ ತೊಳೆಯುವುದು ಅಗ್ಗದ ಉಪಾಯ.

ಕಣ್ಣಿಗೆ ಕಾಣದ ತುಕ್ಕು ಇನ್ನೂ ಕೆಟ್ಟದ್ದು. ಹಿಡಿತ ಹೆಚ್ಚಲೆಂದು ಹಿಂದಿನ ಚಕ್ರದ ಟ್ಯೂಬಿಗೆ ನೀರು ತುಂಬಿಸುವ ರೂಢಿಯಿದೆ. ವಾಲ್ವಿನ ಬಳಿ ನೀರು ಜಿನುಗಿದರೆ ಟ್ಯೂಬಿಗೂ ರಿಮ್ಮಿಗೂ ನಡುವೆ ನಿಲ್ಲುತ್ತದೆ. ಹೊರಗಿನ ಬಣ್ಣ ನೆಟ್ಟಗಿರುವಾಗಲೇ ಒಳಗೆ ತುಕ್ಕು ಬೆಳೆಯುತ್ತದೆ. ಕರಗಿದ ಕಬ್ಬಿಣಕ್ಕಿಂತ ತುಕ್ಕಿನ ಗಾತ್ರ ಎರಡು ಪಟ್ಟಿಗೂ ಹೆಚ್ಚು. ಅದರ ಚಕ್ಕೆಗಳು ಟ್ಯೂಬನ್ನು ಕೊರೆಯುತ್ತವೆ. ಪಂಚರ್ ಮರುಕಳಿಸಿದರೆ ಟ್ಯೂಬನ್ನಷ್ಟೇ ಬೈಯದೆ ರಿಮ್ಮಿನ ಒಳಮೈ ನೋಡಬೇಕು.

ಟೈರ್ ಬಿಚ್ಚಿ, ತಂತಿ ಬ್ರಷ್ಷಿನಿಂದ ಉಜ್ಜಿ, ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಸವರಿದರೆ ಅದು ಕಬ್ಬಿಣದ ಫಾಸ್ಫೇಟ್ ಆಗುತ್ತದೆ (ಕೈಗವಸು, ಕನ್ನಡಕ ಇರಲಿ). ತೊಳೆದು ಒಣಗಿಸಿ, ಸತುವಿನ ಪ್ರೈಮರ್, ಆಮೇಲೆ ಬಣ್ಣ. ಆದರೆ ಬಣ್ಣದಿಂದ ಕಳೆದುಹೋದ ಉಕ್ಕು ಮರಳಿ ಬರದು. ಭೂಸನೂರು, ಹಾವಳಗಾ ಸಕ್ಕರೆ ಕಾರ್ಖಾನೆಗಳತ್ತ ಕಬ್ಬು ಹೇರಿ ಹೊರಡುವ ಟ್ರೇಲರಿನ ಚಕ್ರವಂತೂ ದೊಡ್ಡ ಭಾರ ಹೊರಬೇಕು. ಟೈರ್ ಕೂರುವ ಅಂಚು ತೆಳುವಾಗಿದ್ದರೆ, ಬೋಲ್ಟಿನ ತೂತುಗಳ ಸುತ್ತ ಬಿರುಕಿದ್ದರೆ ರಿಮ್ ಬದಲಿಸುವುದೇ ಸರಿ.

ಟೈರ್ ಇರುವಾಗ ರಿಮ್ಮಿಗೆ ವೆಲ್ಡಿಂಗ್ ಮಾಡಿಸುವುದಂತೂ ಪ್ರಾಣಾಪಾಯ. ಗಾಳಿ ಬಿಟ್ಟಿದ್ದರೂ ಕಾವಿಗೆ ಒಳಗಿನ ರಬ್ಬರ್ ವಿಘಟನೆಗೊಂಡು ಉರಿಯುವ ಅನಿಲಗಳು ಸೇರಿಕೊಳ್ಳುತ್ತವೆ. ಟೈರ್ ಆಗಲೇ ಅಥವಾ ಸ್ವಲ್ಪ ಹೊತ್ತಿನ ಮೇಲೆ ಸ್ಫೋಟಿಸಬಹುದು. ದುರಸ್ತಿಯಾದ ಚಕ್ರಕ್ಕೆ ಗಾಳಿ ತುಂಬುವಾಗಲೂ ರಿಮ್ಮಿನ ಎದುರು ನಿಲ್ಲಬಾರದು. ಉದ್ದ ಪೈಪು ಬಳಸಿ, ಟೈರಿನ ಗುಂಡಿಗಳಿರುವ ಮೈಯ ಕಡೆಗೆ ದೂರ ಸರಿದು ನಿಲ್ಲಬೇಕು.