ಎಣ್ಣಿ, ಹೊಗೆ ಮತ್ತು ಉಸಿರುಗಟ್ಟಿದ ಜೀವಕೋಶ: ಕ್ಯಾನ್ಸರ್ ಬಗ್ಗೆ ರೈತರು ತಿಳಿಯಬೇಕಾದ ಮಾತು

ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಯಾವ ಚಹಾ ಅಂಗಡಿಯಲ್ಲಿ ಕೂತರೂ ಒಂದಿಲ್ಲೊಂದು ದಿನ ಈ ಮಾತು ಬಂದೇ ಬರುತ್ತದೆ: "ಮೊದಲ ಇಷ್ಟು ಕ್ಯಾನ್ಸರ್ ಇರಲಿಲ್ಲ ನೋಡ್ರಿ. ಎಲ್ಲಾ ಈ ಎಣ್ಣಿ ಹೊಡಿಯೂದರಿಂದನ ಬಂದದ್ದು." ಅಷ್ಟರಲ್ಲಿ ಇನ್ನೊಬ್ಬರು ಮೊಬೈಲ್ ತೆಗೆದು ವಾಟ್ಸಾಪ್ ತೋರಿಸ್ತಾರೆ: ಆಮ್ಲಜನಕ ಇದ್ದಲ್ಲಿ ಕ್ಯಾನ್ಸರ್ ಬದುಕೋದಿಲ್ಲ, ಈ ನೀರು ಕುಡಿದರೆ ಸಾಕು ಅಂತ.

ಎರಡೂ ಮಾತಿನಲ್ಲಿ ಸ್ವಲ್ಪ ನಿಜ ಇದೆ, ತಪ್ಪೂ ಇದೆ. ಬೇರೆ ಮಾಡಿ ನೋಡೋಣ.

ಬೀಜ ಒಂದೇ, ವಾಲ್ವ್ ಬೇರೆ ಬೇರೆ

ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಅದೇ ಸುಮಾರು 20,000 ಜೀನ್‌ಗಳಿವೆ. ಆದರೂ ಕಣ್ಣಿನ ಕೋಶ ಕಣ್ಣಿನ ಕೆಲಸ ಮಾಡುತ್ತೆ, ಲಿವರ್ ಕೋಶ ಲಿವರ್ ಕೆಲಸ ಮಾಡುತ್ತೆ. ಹೇಗೆ? ಹನಿ ನೀರಾವರಿ ನೆನಪು ಮಾಡಿಕೊಳ್ಳಿ. ಮೇನ್ ಪೈಪು ಒಂದೇ. ಯಾವ ವಾಲ್ವ್ ತೆರೆದಿದ್ದೀರೋ ಆ ಸಾಲಿಗೆ ಮಾತ್ರ ನೀರು. ಯಾವ ಜೀನ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನೋದೇ ಜೀನ್ ನಿಯಂತ್ರಣ.

ಪೈಪು ಒಡೆದರೂ ಬೆಳೆ ಹಾಳು, ವಾಲ್ವ್ ತಪ್ಪು ತೆರೆದರೂ ಬೆಳೆ ಹಾಳು. ಕ್ಯಾನ್ಸರ್‌ನಲ್ಲಿ ಎರಡೂ ನಡೆಯುತ್ತವೆ. ಡಿಎನ್‌ಎಗೆ ಪೆಟ್ಟು ಬಿದ್ದು ಜೀನ್ ಕೆಡುವುದು ಒಂದು. ಜೀನ್ ಸರಿಯಿದ್ದರೂ ಅದು ತಪ್ಪು ಹೊತ್ತಿನಲ್ಲಿ ಚಾಲೂ ಆಗುವುದು ಅಥವಾ ಬಂದ್ ಆಗುವುದು ಇನ್ನೊಂದು. ಈ ವಾರ ಎರಡನೆಯದರ ಬಗ್ಗೆ ಹೆಚ್ಚು ಹೇಳುತ್ತೇವೆ.

ಎರೆಹೊಲದಲ್ಲಿ ನೀರು ನಿಂತಾಗ

ಜೋರು ಮಳೆಯಾಗಿ ಎರೆಹೊಲದಲ್ಲಿ ಎರಡು ದಿನ ನೀರು ನಿಂತರೆ ಗೋವಿನಜೋಳ ಹಳದಿ ಆಗುತ್ತೆ. ನೀರು ಹೆಚ್ಚಾಗಿದ್ದಕ್ಕಲ್ಲ, ಬೇರಿಗೆ ಗಾಳಿ ಸಿಗದ್ದಕ್ಕೆ. ಆಗ ಗಿಡ ಸುಮ್ಮನೆ ಕೂರೋದಿಲ್ಲ. ಕೆಲವು ಜೀನ್ ಬಂದ್ ಮಾಡಿ, ಬೇರೆ ಕೆಲವನ್ನು ಚಾಲೂ ಮಾಡಿ, ಬೇರಿನೊಳಗೆ ಗಾಳಿ ಓಡಾಡುವ ಟೊಳ್ಳು ಜಾಗ ಮಾಡಿಕೊಳ್ಳಲು ನೋಡುತ್ತೆ.

ನಮ್ಮ ಕೋಶಗಳಿಗೂ ಇಂಥದೊಂದು ಉಪಾಯ ಇದೆ. ಎಚ್‌ಐಎಫ್ ಅನ್ನುವ ಪ್ರೋಟೀನ್ ಕೋಶದಲ್ಲಿ ಸದಾ ತಯಾರಾಗುತ್ತಿರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಕೋಶವೇ ಅದಕ್ಕೆ ಗುರುತು ಹಾಕಿ ಕೆಲವೇ ನಿಮಿಷಗಳಲ್ಲಿ ಕರಗಿಸಿಬಿಡುತ್ತದೆ. ಆಮ್ಲಜನಕ ಕಡಿಮೆಯಾದರೆ ಆ ಗುರುತು ಬೀಳೋದಿಲ್ಲ. ಎಚ್‌ಐಎಫ್ ಉಳಿದುಕೊಂಡು ಡಿಎನ್‌ಎ ಮೇಲೆ ಕೂತು ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತದೆ: ಹೊಸ ರಕ್ತನಾಳ ಬೆಳೆಸು, ಹೆಚ್ಚು ಸಕ್ಕರೆ ಒಳಗೆ ತಗೋ ಅಂತ. ಇದನ್ನು ಬಿಡಿಸಿ ತೋರಿಸಿದ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆನ್ಜಾ ಅವರಿಗೆ 2019ರಲ್ಲಿ ನೊಬೆಲ್ ಸಿಕ್ಕಿತು.

ಗಾಯ ಮಾಯಲು, ಎತ್ತರದ ಗುಡ್ಡ ಏರಲು ಈ ಉಪಾಯ ಬೇಕು. ತೊಂದರೆ ಏನಂದ್ರೆ, ಕ್ಯಾನ್ಸರ್ ಗಂಟು ಇದನ್ನೇ ಬಳಸಿಕೊಳ್ಳುತ್ತದೆ. ರಕ್ತನಾಳದಿಂದ ಆಮ್ಲಜನಕ ಸುಮಾರು 0.1ರಿಂದ 0.2 ಮಿ.ಮೀ. ದೂರದವರೆಗೆ ಮಾತ್ರ ತಲುಪುತ್ತದೆ. ಗಂಟು ದೊಡ್ಡದಾದಂತೆ ಅದರ ಒಳಭಾಗ ಉಸಿರುಗಟ್ಟುತ್ತದೆ. ಆಗ ಎಚ್‌ಐಎಫ್ ಎದ್ದು ಹೊಸ ನಾಳ ಎಳೆದುಕೊಳ್ಳುತ್ತದೆ, ಕೋಶಗಳು ಬೇರೆ ಅಂಗಕ್ಕೆ ಹರಡಲು ಹಾದಿಯಾಗುತ್ತದೆ. ಇಷ್ಟೇ ಅಲ್ಲ, ಬಂದ್ ಆದ ಜೀನ್‌ಗಳ ಬೀಗ ತೆಗೆಯುವ ಕೆಲವು ಕಿಣ್ವಗಳಿಗೂ ಆಮ್ಲಜನಕ ಬೇಕು. ಅದು ಸಿಗದಿದ್ದಾಗ ಕ್ಯಾನ್ಸರ್ ತಡೆಯುವ ಜೀನ್‌ಗಳ ಮೇಲಿನ ಬೀಗ ಹಾಗೇ ಉಳಿಯುತ್ತದೆ. ಉಸಿರುಗಟ್ಟಿದ ಗಂಟಿಗೆ ರೇಡಿಯೇಷನ್ ಚಿಕಿತ್ಸೆಯೂ ಸರಿಯಾಗಿ ನಾಟುವುದಿಲ್ಲ.

ಹೊಗೆ ಏನು ಮಾಡುತ್ತೆ?

ಹತ್ತಿ ಕಟ್ಟಿಗೆ, ಗೋವಿನಜೋಳದ ದಂಟು, ಬೀಡಿ, ಒಲೆ, ಡೀಸೆಲ್ ಇವೆಲ್ಲದರ ಹೊಗೆಯಲ್ಲಿ ಬೆಂಜೋಪೈರೀನ್ ಎಂಬ ವಸ್ತು ಇರುತ್ತದೆ. ಹಳೇ ಪಿವಿಸಿ ಪೈಪು, ಎಣ್ಣಿ ಡಬ್ಬಿ ಸುಟ್ಟರೆ ಡಯಾಕ್ಸಿನ್ ಕೂಡ ಬರಬಹುದು. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಇವು ಕೋಶದೊಳಗೆ ಹೋಗಿ ಎಎಚ್‌ಆರ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಅದು ವಿಷ ಹೊರಹಾಕುವ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಉದ್ದೇಶವೇನೋ ಒಳ್ಳೇದೇ. ಆದರೆ ಆ ಕೆಲಸದ ನಡುವೆ ಬೆಂಜೋಪೈರೀನ್ ಇನ್ನೂ ಚೂಪಾದ ರೂಪಕ್ಕೆ ಬದಲಾಗಿ ಡಿಎನ್‌ಎಗೇ ಅಂಟಿಬಿಡುತ್ತದೆ.

ಒಂದೇ ಎತ್ತು, ಇಬ್ಬರು ರೈತರು

ಈಗ ಎರಡೂ ಹಾದಿ ಕೂಡುವ ಜಾಗ ನೋಡಿ. ಒಂಟಿ ಎತ್ತಿನಿಂದ ಕೂರಿಗೆ ಎಳೆಯಲು ಬರೋದಿಲ್ಲ, ಜೋಡಿ ಬೇಕು. ಹಾಗೆಯೇ ಎಚ್‌ಐಎಫ್‌ಗೂ ಎಎಚ್‌ಆರ್‌ಗೂ ಒಂಟಿಯಾಗಿ ಜೀನ್ ಚಾಲೂ ಮಾಡಲು ಆಗೋದಿಲ್ಲ. ಇಬ್ಬರಿಗೂ ನೊಗಕ್ಕೆ ಬೇಕಾದ ಜೋಡಿ ಎತ್ತು ಒಂದೇ: ಎಆರ್‌ಎನ್‌ಟಿ ಎಂಬ ಪ್ರೋಟೀನ್. ಹದ ಬಂದ ದಿನ ಇಬ್ಬರು ರೈತರು ಒಂದೇ ಎತ್ತನ್ನು ಮುಯ್ಯಿಗೆ ಕೇಳಿದರೆ ಏನಾಗುತ್ತದೋ, ಕೆಲವು ಕೋಶಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಅದೇ ಕಂಡಿದೆ. ಆಮ್ಲಜನಕ ಕಡಿಮೆ ಇದ್ದಾಗ ಹೊಗೆಯ ವಿಷಕ್ಕೆ ಕೋಶ ಕೊಡುವ ಉತ್ತರ ಬದಲಾಗುತ್ತದೆ. ಎಲ್ಲ ಕೋಶದಲ್ಲೂ ಒಂದೇ ರೀತಿ ಅಲ್ಲ, ಆದರೆ ಮಾಲಿನ್ಯ ಮತ್ತು ಆಮ್ಲಜನಕದ ಕೊರತೆ ಒಂದರ ಕೆಲಸದಲ್ಲಿ ಇನ್ನೊಂದು ಕೈ ಹಾಕುತ್ತವೆ ಅನ್ನೋದು ಇದರಿಂದ ತಿಳಿಯುತ್ತದೆ.

ಇನ್ನು ಕೆಲವು ಲೋಹಗಳು ಕೋಶಕ್ಕೆ ಸುಳ್ಳೇ ಹೇಳುತ್ತವೆ. ನಿಕೆಲ್, ಕೋಬಾಲ್ಟ್ ಸೇರಿದರೆ ಎಚ್‌ಐಎಫ್ ಕರಗಿಸುವ ಕೆಲಸ ನಿಲ್ಲುತ್ತದೆ. ಆಮ್ಲಜನಕ ಇದ್ದರೂ ಇಲ್ಲ ಅಂತಲೇ ಕೋಶ ತಿಳಿಯುತ್ತದೆ. ಆರ್ಸೆನಿಕ್ ಕೂಡ ಜೀನ್‌ಗಳ ಬೀಗ ಏರುಪೇರು ಮಾಡುತ್ತದೆ.

ಬೋರಿನ ನೀರಿನ ಪ್ರಶ್ನೆ

ಆರ್ಸೆನಿಕ್ ದೂರದ ಬಂಗಾಳದ ಮಾತಷ್ಟೇ ಅಲ್ಲ. ಹಳೇ ಚಿನ್ನದ ಗಣಿ ಪ್ರದೇಶವಾದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಬೋರ್‌ವೆಲ್ ನೀರು ಕುಡಿದವರ ಚರ್ಮದ ಮೇಲೆ ಆರ್ಸೆನಿಕ್ ಗಂಟು, ಕಲೆ ಕಂಡ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ನಮ್ಮ ಕಪ್ಪತಗುಡ್ಡದ ಕಲ್ಲಿನಲ್ಲೂ ಚಿನ್ನದ ಅಂಶ ಇದೆ. ಹಾಗಂತ ನಮ್ಮ ನೀರಿನಲ್ಲೂ ಆರ್ಸೆನಿಕ್ ಇದೆ ಅಂತ ಅರ್ಥವಲ್ಲ. ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ಮಿತಿ ಲೀಟರಿಗೆ 10 ಮೈಕ್ರೋಗ್ರಾಂ.

ಮುಂಡರಗಿ ಕಡೆಯ ದೊಡ್ಡ ತೊಂದರೆ ಫ್ಲೋರೈಡ್. ಅದು ಹಲ್ಲು, ಎಲುಬು ಕೆಡಿಸುತ್ತದೆ. ಕ್ಯಾನ್ಸರ್ ತರುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಎರಡನ್ನೂ ಕಲಸಬೇಡಿ.

ಹಸಿರು ತ್ರಿಕೋನ ನಂಬಬಹುದಾ?

ಎಣ್ಣಿ ಡಬ್ಬಿ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಎಲ್ಲರಿಗೂ ಗೊತ್ತು. ಆದರೆ ಅದು ಹೇಳೋದು ಕೂಡಲೇ ಆಗುವ ವಿಷದ ಪ್ರಮಾಣ ಮಾತ್ರ. ಇಪ್ಪತ್ತು ವರ್ಷ ಮೈಗೆ ಹತ್ತಿದರೆ ಏನಾಗುತ್ತೆ ಅಂತ ಆ ಬಣ್ಣ ಹೇಳೋದಿಲ್ಲ. 2015ರಲ್ಲಿ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮ್ಯಾಲಥಿಯಾನ್, ಗ್ಲೈಫೋಸೇಟ್ ಎರಡನ್ನೂ "ಬಹುಶಃ ಕ್ಯಾನ್ಸರ್ ತರಬಲ್ಲವು" ಎಂಬ ಗುಂಪಿಗೆ ಹಾಕಿತು. ಗ್ಲೈಫೋಸೇಟ್ ಬಗ್ಗೆ ಅಮೆರಿಕ, ಯುರೋಪಿನ ನಿಯಂತ್ರಣ ಸಂಸ್ಥೆಗಳು ಇದನ್ನು ಒಪ್ಪಿಲ್ಲ. ತಜ್ಞರಲ್ಲೇ ಒಮ್ಮತ ಇಲ್ಲದಿರುವಾಗ ನಮ್ಮ ಕೈಲಿರೋದು ಒಂದೇ: ಮೈಗೆ ಹತ್ತದಂತೆ ನೋಡಿಕೊಳ್ಳೋದು.

ಎಣ್ಣಿಗಿಂತ ಗಟ್ಟಿ ಸಾಕ್ಷಿ ಇರುವ ಎರಡು ವಿಷ ನಮ್ಮ ಮನೆಯೊಳಗೇ ಇವೆ. ಒಂದು ತಂಬಾಕು: ಗುಟ್ಕಾ, ಬೀಡಿ, ಸಿಗರೇಟು. ಎರಡನೆಯದು ಬೂಸ್ಟ್ ಬಂದ ಶೇಂಗಾ ಮತ್ತು ಗೋವಿನಜೋಳ. ಅದರಲ್ಲಿನ ಅಫ್ಲಾಟಾಕ್ಸಿನ್ ಲಿವರ್ ಕೋಶದಲ್ಲಿ ಪಿ53 ಎಂಬ ಕಾವಲು ಜೀನನ್ನೇ ಕೆಡಿಸುತ್ತದೆ. ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ದನಕ್ಕೆ ಹಾಕಿದರೆ ವಿಷ ಹಾಲಿಗೂ ಇಳಿಯುತ್ತದೆ.

ಇಷ್ಟು ಮಾಡಿ

• ಮೆಣಸಿನಕಾಯಿ, ಹತ್ತಿಗೆ ಎಣ್ಣಿ ಹೊಡೆಯುವಾಗ ಗಾಳಿ ಬೀಸುವ ದಿಕ್ಕಿಗೇ ಸಾಗಿ, ಗಾಳಿಗೆ ಎದುರಾಗಿ ಹೊಡೆಯಬೇಡಿ. ಕೈಗವಸು, ಪೂರ್ತಿ ತೋಳಿನ ಅಂಗಿ, ಬೂಟು ಇರಲಿ. ಬರಿಗೈಲಿ ಎಣ್ಣಿ ಕಲಸಬೇಡಿ.
• ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ. ಆ ಬಟ್ಟೆ ಮನೆಮಂದಿಯ ಬಟ್ಟೆ ಜೊತೆ ಒಗೆಯಬೇಡಿ.
• ಖಾಲಿ ಡಬ್ಬಿ ಮೂರು ಸಲ ತೊಳೆದು, ಆ ನೀರು ಪಂಪಿಗೇ ಹಾಕಿ, ಡಬ್ಬಿಗೆ ತೂತು ಮಾಡಿ. ಸುಡಬೇಡಿ, ಅದರಲ್ಲಿ ಕುಡಿಯುವ ನೀರು ತುಂಬಬೇಡಿ.
• ಹತ್ತಿ ಕಟ್ಟಿಗೆ ಸುಡುವ ಬದಲು ಪುಡಿ ಮಾಡಿ ಮಣ್ಣಿಗೆ ಸೇರಿಸಿ.
• ಶೇಂಗಾ ಚೆನ್ನಾಗಿ ಒಣಗಿಸಿ. ಕಾಯಿ ಅಲುಗಾಡಿಸಿದರೆ ಕಾಳು ಗಲಗಲ ಅನ್ನಬೇಕು. ಬೂಸ್ಟ್ ಬಂದದ್ದನ್ನು ಗಾಣಕ್ಕೂ ಹಾಕಬೇಡಿ, ದನಕ್ಕೂ ಹಾಕಬೇಡಿ.
• ಬೋರಿನ ನೀರಿನ ಪರೀಕ್ಷೆ ಬಗ್ಗೆ ಗ್ರಾಮ ಪಂಚಾಯ್ತಿಯಲ್ಲಿ ಕೇಳಿ. ಕೀಟ ನಿರ್ವಹಣೆಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದ ಸಲಹೆ ತಗೊಳ್ಳಿ.

ಮತ್ತೆ ಆ ವಾಟ್ಸಾಪ್ ಮಾತು

ಜರ್ಮನಿಯ ಆಟೊ ವಾರ್‌ಬರ್ಗ್ ಹೆಸರು ಹಾಕಿ ಆ ಸಂದೇಶ ಓಡಾಡುತ್ತದೆ. ಆತನಿಗೆ 1931ರಲ್ಲಿ ನೊಬೆಲ್ ಬಂದದ್ದು ಕೋಶಗಳ ಉಸಿರಾಟದ ಕಿಣ್ವದ ಕೆಲಸಕ್ಕೆ, ಕ್ಯಾನ್ಸರ್ ಔಷಧಿಗೆ ಅಲ್ಲ. ಆತನೇ ತೋರಿಸಿದಂತೆ, ಆಮ್ಲಜನಕ ಧಾರಾಳ ಇದ್ದರೂ ಕ್ಯಾನ್ಸರ್ ಕೋಶ ಸಕ್ಕರೆ ಹುಳಿಸಿಯೇ ಬದುಕಬಲ್ಲದು. ಕುಡಿದ ನೀರಿನಿಂದ ಗಂಟಿನೊಳಗೆ ಆಮ್ಲಜನಕ ತುಂಬಲು ಬರೋದಿಲ್ಲ. ಇದನ್ನು ನಂಬಿ ಆರು ತಿಂಗಳು ಕಾದರೆ ವಾಸಿ ಆಗಬಹುದಾದ ರೋಗವೂ ಕೈಮೀರುತ್ತದೆ.

ಊರಲ್ಲಿ ಒಬ್ಬರಿಗೆ ಬಂದ ಕ್ಯಾನ್ಸರ್ ಇಂಥದರಿಂದಲೇ ಬಂತು ಅಂತ ಬೊಟ್ಟು ಮಾಡಿ ಹೇಳಲು ಡಾಕ್ಟರಿಗೂ ಆಗೋದಿಲ್ಲ. ಆದ್ದರಿಂದ ಮನೆಯಲ್ಲಿ ರೋಗಿ ಇದ್ದರೆ "ನೀ ಎಣ್ಣಿ ಹೊಡೆದಿದ್ದಕ್ಕ ಬಂತು" ಅಂತ ಅವರನ್ನು ನೋಯಿಸಬೇಡ್ರಿ. ಬಾಯಲ್ಲಿ ಎರಡು ವಾರ ಮಾಯದ ಹುಣ್ಣು, ಎದೆಯಲ್ಲಿ ಗಂಟು, ಕಾರಣವಿಲ್ಲದೆ ತೂಕ ಇಳಿಯೋದು, ಮುಟ್ಟು ನಿಂತ ಮೇಲೂ ರಕ್ತಸ್ರಾವ ಕಂಡರೆ ಗದಗಿನ ಜಿಲ್ಲಾ ಆಸ್ಪತ್ರೆಗೆ ತೋರಿಸಿ. ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ. ಸುಗ್ಗಿ ಮುಗೀಲಿ, ರಾಶಿ ಆಗಲಿ ಅಂತ ಮುಂದೆ ಹಾಕಬೇಡ್ರಿ.