ಕಾರ್ಖಾನೆಯ ಕಾರ್ಡು, ಡೇರಿಯ ಕಾರ್ಡು

ಹೊಸಕೋಟೆಯ ದಮ್ ಬಿರಿಯಾನಿಗೆ ನಸುಕಿನಲ್ಲೇ ಸಾಲು ನಿಲ್ಲುವವರ ಜೇಬಿನಲ್ಲಿ ಬರೀ 120 ರೂಪಾಯಿ ಇದ್ದರೆ ಒಬ್ಬರ ಹೊಟ್ಟೆಯೂ ನೆಟ್ಟಗೆ ತುಂಬುವುದಿಲ್ಲ. ಅಷ್ಟೇ ದುಡ್ಡಿಗೆ, ನಿವೃತ್ತನಾದ ಕಾರ್ಮಿಕನಿಗೂ ಅವನ ಹೆಂಡತಿಗೂ ಇಡೀ ಒಂದು ವರ್ಷ ಕಾರ್ಮಿಕರ ವಿಮೆಯಾದ ಇಎಸ್‌ಐನಲ್ಲಿ ಚಿಕಿತ್ಸೆ ಸಿಗುತ್ತದೆ ಅಂದರೆ ನಂಬುವವರು ಕಡಿಮೆ. ತಿಂಗಳಿಗೆ 10 ರೂಪಾಯಿಯಂತೆ ಲೆಕ್ಕ, ವರ್ಷದ್ದು ಒಟ್ಟಿಗೆ ಮುಂಗಡ. ಇಎಸ್‌ಐ ನಿಯಮಾವಳಿಯ 61ನೇ ನಿಯಮ ಇದು. ಕಾಗದ ತಿರುವುತ್ತಿದ್ದಾಗ ಇನ್ನೊಂದು 120 ಕಣ್ಣಿಗೆ ಬಿತ್ತು: 2005ರಲ್ಲಿ ರೈತರ ಯಶಸ್ವಿನಿ ಯೋಜನೆಯ ವರ್ಷದ ಕಂತು ಕೂಡ 120 ರೂಪಾಯಿ. ಒಂದು ಕಾರ್ಖಾನೆಯಿಂದ ಬಂದದ್ದು, ಇನ್ನೊಂದು ಹಾಲಿನ ಡೇರಿಯಿಂದ. ಜಡಿಗೇನಹಳ್ಳಿಯಂಥ ಊರಿನಲ್ಲಿ ಒಬ್ಬನೇ ಮನುಷ್ಯ ಈ ಎರಡಕ್ಕೂ ಸೇರಿದವನಾಗಿರುತ್ತಾನೆ.

ಜಡಿಗೇನಹಳ್ಳಿ ಹೊಸಕೋಟೆ ತಾಲ್ಲೂಕಿನ ಹೋಬಳಿ. ಮಾಲೂರಿನ ಕಡೆಗಿರುವ ಸೀಮೆ. ರಾಗಿ, ತರಕಾರಿ, ನೀಲಗಿರಿ ತೋಪು, ಮನೆಗೊಂದೆರಡು ಸೀಮೆಹಸು. ಗಂಡಸರು ಬೆಳಿಗ್ಗೆ ಪಿಲ್ಲಗುಂಪೆ, ಮಾಲೂರು, ವೈಟ್‌ಫೀಲ್ಡಿನ ಕಾರ್ಖಾನೆಗಳ ಶಿಫ್ಟಿಗೆ ಹೋಗುತ್ತಾರೆ, ಹೆಂಗಸರು ಡೇರಿಗೆ ಹಾಲು ಹಾಕುತ್ತಾರೆ. ಐವತ್ತೆಂಟಕ್ಕೋ ಅರವತ್ತಕ್ಕೋ ಶಿಫ್ಟು ಮುಗಿಯುತ್ತದೆ. ಪಿಎಫ್ ಬರುತ್ತದೆ, ಹಾರ ಬೀಳುತ್ತದೆ. ಬಿಪಿ, ಸಕ್ಕರೆ, ಮಂಡಿನೋವು ಮೂರೂ ಸರಿಯಾಗಿ ಅದೇ ಹೊತ್ತಿಗೆ ಮನೆ ಸೇರುತ್ತವೆ. ಅಲ್ಲಿಯವರೆಗೆ ಯಾವ ಕಾರ್ಡು ಅಂತ ಯೋಚಿಸದೆ ಇದ್ದವನು ಆಗ ಯೋಚಿಸಲು ಕೂರಬೇಕು.

ಇಎಸ್‌ಐ ಹಳೆಯದು. ಕಾನೂನು ಆದದ್ದು 1948ರಲ್ಲಿ. 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದಿಲ್ಲಿಯಲ್ಲಿ ಮೊದಲು ಜಾರಿಯಾಯಿತು. ಬೆಂಗಳೂರಿಗೆ ಬಂದದ್ದು 1958ರಲ್ಲಿ. ಶುರುವಿನಲ್ಲಿ ತಿಂಗಳಿಗೆ 400 ರೂಪಾಯಿ ಸಂಬಳದವರೆಗಿನವರು ಮಾತ್ರ ಇದರೊಳಗೆ. ಆಮೇಲಿನ ಅರವತ್ತು ವರ್ಷಗಳ ಕಥೆಯೆಲ್ಲ ಹೆಚ್ಚುಕಡಿಮೆ ಈ ಮಿತಿ ಏರಿದ ಕಥೆಯೇ, ಅದನ್ನು ಒಂದೊಂದಾಗಿ ಹೇಳಿ ಓದುಗರನ್ನು ದಣಿಸುವುದಿಲ್ಲ. 2010ರ ಮೇನಲ್ಲಿ 15,000, 2017ರ ಜನವರಿಯಲ್ಲಿ 21,000.

ಕಿತಾಪತಿ ಇರುವುದು ಈ ಮಿತಿಯಲ್ಲಿ. ಇಪ್ಪತ್ತು ವರ್ಷ ದುಡಿದ, ಪ್ರತಿ ತಿಂಗಳೂ ಸಂಬಳದಲ್ಲಿ ಇಎಸ್‌ಐ ಹಿಡಿಸಿಕೊಂಡ ಕಾರ್ಮಿಕನೊಬ್ಬ ಇದ್ದಾನೆನ್ನಿ. ರಿಟೈರಾಗಲು ಎರಡು ವರ್ಷವಿದೆ ಎನ್ನುವಾಗ ಯೂನಿಯನ್ ಮಾತುಕತೆ ಫಲ ಕೊಟ್ಟು ಸಂಬಳ 21,000 ದಾಟುತ್ತದೆ. ಮನೆಯಲ್ಲಿ ಸಿಹಿ ಮಾಡುತ್ತಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಇಎಸ್‌ಐ ವಂತಿಗೆಗೆ ಎರಡು ಅವಧಿ; ನಡೆಯುತ್ತಿರುವ ಅವಧಿ ಮುಗಿದ ಕೂಡಲೇ ಅವನು ಯೋಜನೆಯಿಂದ ಹೊರಗೆ. 61ನೇ ನಿಯಮ ಕೇಳುತ್ತಿದ್ದುದು ಎರಡು: ಕನಿಷ್ಠ ಐದು ವರ್ಷ ವಿಮೆಯಲ್ಲಿರಬೇಕು, ವಿಮೆಯಲ್ಲಿದ್ದುಕೊಂಡೇ ನಿವೃತ್ತನಾಗಬೇಕು. ಇವನು ಐದಲ್ಲ, ಇಪ್ಪತ್ತು ವರ್ಷ ಇದ್ದವನು. ಆದರೆ ಹಾರ ಬಿದ್ದ ದಿನ ಒಳಗಿರಲಿಲ್ಲ. ಕೊನೆಯ ಇನ್‌ಕ್ರಿಮೆಂಟು ಕೈಗೆ ಬಂದದ್ದಕ್ಕೆ ಮುಪ್ಪಿನ ಆಸ್ಪತ್ರೆ ಹೋಯಿತು. ಸಂಬಳ ಹೆಚ್ಚಾಗದೇ ಉಳಿದ ಪಕ್ಕದ ಮಿಷನ್ನಿನವನು ವರ್ಷಕ್ಕೆ 120 ಕಟ್ಟಿ ಹೆಂಡತಿಯನ್ನೂ ಕರೆದುಕೊಂಡು ಡಿಸ್ಪೆನ್ಸರಿಗೆ ಹೋಗುತ್ತಿದ್ದ.

ದಿಲ್ಲಿಯಲ್ಲಿ ಕೂತವರಿಗೆ ಇದು ಕಾಣಲು ಬಹಳ ಕಾಲ ಹಿಡಿಯಿತು. 2024ರ ಫೆಬ್ರುವರಿಯಲ್ಲಿ ಇಎಸ್‌ಐ ನಿಗಮ ನಿಯಮ ಸಡಿಲಿಸಲು ತೀರ್ಮಾನಿಸಿತು: 2012ರ ಏಪ್ರಿಲ್ 1ರ ನಂತರ ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು, ಸಂಬಳ ಏರಿದ್ದರಿಂದ ಹೊರಬಿದ್ದು, 2017ರ ಏಪ್ರಿಲ್ 1ರ ನಂತರ ನಿವೃತ್ತರಾದವರು, ತಿಂಗಳ ಸಂಬಳ 30,000ದೊಳಗಿದ್ದರೆ, ಮತ್ತೆ ಒಳಗೆ. ಅದಕ್ಕೂ ಮುಂಚೆ ನಿವೃತ್ತರಾದವರ ಮಾತು ಅದರಲ್ಲಿಲ್ಲ. 30,000 ದಾಟಿದವರದ್ದೂ ಇಲ್ಲ. ಹಳೆಯ ಗೋಡೆಯನ್ನು ಒಡೆದು ಸ್ವಲ್ಪ ಆಚೆಗೆ ಇನ್ನೊಂದು ಗೋಡೆ ಕಟ್ಟಿದ್ದಾರೆ, ಅಷ್ಟೆ.

ಈಗ ಡೇರಿಯ ಕಡೆಗೆ ಬರೋಣ. ನನಗೆ ಪ್ರೀತಿಯ ಭಾಗ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಬೇಕು.

ಕರ್ನಾಟಕದ ಹಳ್ಳಿಗಳಿಗೆ ಸಹಕಾರ ಸಂಘ ಹೊಸದಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಶುರುವಾದದ್ದು. ಹಾಲು ಸಂಘಗಳು ಹರಡಿದ ಮೇಲಂತೂ ಬಟವಾಡೆಯ ದಿನ ಡೇರಿಯ ಮುಂದೆ ಊರೇ ಸೇರುತ್ತದೆ. ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಕಟ್ಟಿದ ಡಾ. ದೇವಿಶೆಟ್ಟಿ ಅವರ ಕಣ್ಣಿಗೆ ಬಿದ್ದದ್ದು ಸಂಘಗಳ ಈ ಜಾಲ. ಅವರ ಲೆಕ್ಕ ಸರಳ. ಆಪರೇಷನ್ ಬೇಕಾಗುವವರು ಸಾವಿರಕ್ಕೆ ಕೆಲವರು. ಮಿಕ್ಕವರೆಲ್ಲ ತಿಂಗಳಿಗೆ 5 ರೂಪಾಯಿ ಹಾಕಿದರೆ ಆ ಕೆಲವರದ್ದು ನಡೆದುಹೋಗುತ್ತದೆ. ಆಸ್ಪತ್ರೆಗಳಲ್ಲಿ ಹಾಸಿಗೆಗಳು ಖಾಲಿ ಬಿದ್ದಿವೆ, ಹಳ್ಳಿಯ ರೋಗಿಗೆ ದುಡ್ಡಿಲ್ಲ. ಎರಡನ್ನೂ ಸೇರಿಸಬೇಕು. ಜನರಿಂದ ಐದೈದು ರೂಪಾಯಿ ಕೂಡಿಸುವವರು ಯಾರು? ಏಜೆಂಟರನ್ನು ಇಟ್ಟರೆ ಕಮಿಷನ್ನಿಗೇ ದುಡ್ಡು ಸಾಲದು. ಸಂಘದ ಕಾರ್ಯದರ್ಶಿ ಕೂಡಿಸಬಲ್ಲ, ಯಾಕೆಂದರೆ ಹಾಲಿನ ದುಡ್ಡು ಅವನ ಕೈಯಿಂದಲೇ ಹೋಗಬೇಕು. ಸಹಕಾರ ಇಲಾಖೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಎ. ರಾಮಸ್ವಾಮಿ ಇದಕ್ಕೆ ಹೆಗಲು ಕೊಟ್ಟರು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2002ರ ನವೆಂಬರ್ 14ರಂದು ಯಶಸ್ವಿನಿಯ ಉದ್ಘಾಟನೆ. 2003ರ ಜೂನ್ 1ರಿಂದ ಚಿಕಿತ್ಸೆ ಶುರು.

ವರ್ಷಕ್ಕೆ 60 ರೂಪಾಯಿ. ಒಂದು ಆಪರೇಷನ್ನಿಗೆ 1 ಲಕ್ಷದವರೆಗೆ, ವರ್ಷಕ್ಕೆ 2 ಲಕ್ಷದವರೆಗೆ. ಮೊದಲೇ ಇದ್ದ ಕಾಯಿಲೆಗೂ ಅಡ್ಡಿಯಿಲ್ಲ. ಖಾಸಗಿ ವಿಮೆಯ ಕಂಪನಿಗಳು ಅರವತ್ತು ದಾಟಿದವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಕಾಲದಲ್ಲಿ ಯಶಸ್ವಿನಿ 75ರವರೆಗೂ ಒಳಗೆ ಬಿಟ್ಟುಕೊಂಡಿತು. ಬರೀ ಶಸ್ತ್ರಚಿಕಿತ್ಸೆಗೆ ಮಾತ್ರ ಅನ್ನುವುದು ದೊಡ್ಡ ಕೊರತೆಯೇ. ಬಿಪಿ ಮಾತ್ರೆಗೆ, ಸಕ್ಕರೆ ಮಾತ್ರೆಗೆ ಕೈಯಿಂದಲೇ ಹೋಗಬೇಕು. ಆದರೂ ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು, ಎರಡನೆಯ ವರ್ಷ 20 ಲಕ್ಷ ದಾಟಿತು.

2005ರಲ್ಲಿ ಕಂತನ್ನು 60ರಿಂದ 120ಕ್ಕೆ ಏರಿಸಿದರು. ಸೇರಿದವರ ಸಂಖ್ಯೆ 15 ಲಕ್ಷದೊಳಕ್ಕೆ ಕುಸಿಯಿತು. ವರ್ಷಕ್ಕೆ 60 ರೂಪಾಯಿ ಹೆಚ್ಚಾದದ್ದಕ್ಕೆ ಐದಾರು ಲಕ್ಷ ಜನ ಹಿಂದೆ ಸರಿದರು ಎಂಬುದನ್ನು ನಗರದಲ್ಲಿ ಕೂತು ಓದಿದರೆ ನಗು ಬರಬಹುದು. ಐದು ಜನರ ಮನೆಗೆ ಅದು ಒಂದೇ ಬಟವಾಡೆಯಲ್ಲಿ 300 ಹೆಚ್ಚುವರಿ ಕಡಿತ, ಅದೂ ಹಿಂಡಿ-ಬೂಸಾ ಲೆಕ್ಕ ಕಳೆದ ಮೇಲೆ ಉಳಿದದ್ದರಲ್ಲಿ.

ಆಮೇಲೆ ಚೇತರಿಸಿಕೊಂಡಿತು, ಹದಿನೈದು ವರ್ಷ ನಡೆಯಿತು. 2018ರಲ್ಲಿ ಅದನ್ನು ಮುಗಿಸಿದರು. ಆ ವರ್ಷ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂತು, ಇದ್ದಬದ್ದ ಯೋಜನೆಗಳನ್ನೆಲ್ಲ ಅದರೊಳಗೆ ಸುರಿದರು, ಮೇ ಕೊನೆಗೆ ಯಶಸ್ವಿನಿ ನಿಂತಿತು. ಅಕ್ಟೋಬರ್‌ನಲ್ಲಿ ಆರೋಗ್ಯ ಕರ್ನಾಟಕ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿ ಅದರ ಹೆಸರು ಉದ್ದವಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಉಚಿತ. ಒಳ್ಳೆಯದೇ. ಆದರೆ ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜು ದರದ ಶೇ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಮಿಕ್ಕ ಶೇ 70 ರೋಗಿಯದ್ದು.

ನನ್ನ ಸಿಟ್ಟು ಇಲ್ಲಿ. ಯಶಸ್ವಿನಿಗೆ ರೇಷನ್ ಕಾರ್ಡಿನ ಬಣ್ಣ ಬೇಕಿರಲಿಲ್ಲ. ಸಂಘದ ಸದಸ್ಯನಾಗಿ ಕಂತು ಕಟ್ಟಿದವನಿಗೆ ಹಕ್ಕು. ರಾಜ್ಯದ ಬಿಪಿಎಲ್ ಮಾನದಂಡದಲ್ಲಿ ಕುಟುಂಬದ ವರಮಾನ ವರ್ಷಕ್ಕೆ 1.20 ಲಕ್ಷ ದಾಟಬಾರದು. ಕಾರ್ಖಾನೆಯಲ್ಲಿ ತಿಂಗಳಿಗೆ 15,000 ತರುವವನ ಮನೆ ಆ ಲೆಕ್ಕದಲ್ಲಿ ಶ್ರೀಮಂತರ ಮನೆ. ಕಾರ್ಖಾನೆ ಬಿಟ್ಟ ಮೇಲೆ ಆ 15,000 ನಿಲ್ಲುತ್ತದೆ, ಕಾರ್ಡು ಮಾತ್ರ ಎಪಿಎಲ್ ಆಗಿಯೇ ಇರುತ್ತದೆ. ಇಎಸ್‌ಐಯಿಂದ ಹೊರಬಿದ್ದವನು ಯಶಸ್ವಿನಿಗೆ ದಾಟಿಕೊಳ್ಳಬಹುದಾಗಿದ್ದ ದಾರಿ 2018ರಿಂದ ನಾಲ್ಕೂವರೆ ವರ್ಷ ಮುಚ್ಚಿಹೋಯಿತು. ಆ ನಡುವೆಯೇ ಕೊರೊನಾ ಬಂದುಹೋಯಿತು.

ಸಹಕಾರಿಗಳು ಗಲಾಟೆ ಬಿಡಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ 2022ರ ಬಜೆಟ್‌ನಲ್ಲಿ 300 ಕೋಟಿ ಇಟ್ಟು ಯಶಸ್ವಿನಿಯನ್ನು ಮರಳಿ ತಂದರು. ಆ ನವೆಂಬರ್‌ನಲ್ಲಿ ನೋಂದಣಿ, 2023ರ ಜನವರಿ 1ರಿಂದ ಚಿಕಿತ್ಸೆ. ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರು ಅಲ್ಲಿನ ಮೆಡಿಕೇರ್ ಬಗ್ಗೆ ಹೊಗಳುವುದುಂಟು. 1965ರಲ್ಲಿ ಲಿಂಡನ್ ಜಾನ್ಸನ್ ಸಹಿ ಹಾಕಿದ, 65 ತುಂಬಿದವರ ಯೋಜನೆ ಅದು. ಅಲ್ಲೂ ತಾಪತ್ರಯ ತಪ್ಪಿದ್ದಲ್ಲ. ಸರ್ಕಾರದ ಮೂಲ ಯೋಜನೆಯೋ ಖಾಸಗಿ ಕಂಪನಿಯ ಮೂಲಕ ಸಿಗುವ ಅಡ್ವಾಂಟೇಜ್ ಯೋಜನೆಯೋ ಆರಿಸಬೇಕು. ಬದಲಿಸಲು ಪ್ರತಿವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಸಮಯ. ಮೂಲ ಯೋಜನೆ ಭರಿಸದೆ ಬಿಡುವ ಖರ್ಚಿಗೆಂದು ಕೊಳ್ಳುವ ಪೂರಕ ಪಾಲಿಸಿಯನ್ನು ಮೊದಲ ಆರು ತಿಂಗಳಲ್ಲಿ ಮಾಡಿಸದಿದ್ದರೆ, ಆಮೇಲೆ ಬಹುತೇಕ ರಾಜ್ಯಗಳಲ್ಲಿ ಕಂಪನಿ ಕಾಯಿಲೆಯ ಚರಿತ್ರೆ ಕೆದಕಿ ಇಲ್ಲ ಅನ್ನಬಹುದು. ಅವರ ಬಾಗಿಲುಗಳ ಮೇಲೆ ತೆರೆಯುವ, ಮುಚ್ಚುವ ತಾರೀಖು ಬರೆದಿರುತ್ತದೆ. ನಮ್ಮಲ್ಲಿ ಬಾಗಿಲೇ ಕೆಲವು ವರ್ಷ ಇರುವುದಿಲ್ಲ.

2024ರ ಅಕ್ಟೋಬರ್ 29ರಂದು ಕೇಂದ್ರ ಇನ್ನೊಂದು ಬಾಗಿಲು ಇಟ್ಟಿತು. 70 ತುಂಬಿದ ಯಾರಿಗಾದರೂ, ವರಮಾನ ನೋಡದೆ, ಆಯುಷ್ಮಾನ್‌ನಲ್ಲಿ 5 ಲಕ್ಷದ ರಕ್ಷಣೆ. ನಿವೃತ್ತ ಯೋಧರ ಇಸಿಎಚ್ಎಸ್, ಕೇಂದ್ರ ನೌಕರರ ಸಿಜಿಎಚ್ಎಸ್‌ನಲ್ಲಿರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು; ಇಎಸ್‌ಐನವರಿಗೆ ಆ ಕಟ್ಟಿಲ್ಲ, ಎರಡನ್ನೂ ಇಟ್ಟುಕೊಳ್ಳಬಹುದು. ಈ ಕಾರ್ಡು 70 ತುಂಬಿದವರಿಗೆ ಮಾತ್ರ. ಗಂಡನಿಗೆ ಎಪ್ಪತ್ತಾಗಿ ಹೆಂಡತಿಗೆ ಅರವತ್ತೆರಡಾಗಿದ್ದರೆ ಅವಳು ಹೊರಗೆ. ಅಲ್ಲದೆ ಐವತ್ತೆಂಟರಿಂದ ಎಪ್ಪತ್ತರವರೆಗಿನ ಹನ್ನೆರಡು ವರ್ಷ ಹಾಗೇ ಉಳಿಯಿತು.

ಆ ಹನ್ನೆರಡು ವರ್ಷಕ್ಕೆ ಜಡಿಗೇನಹಳ್ಳಿ ಕಡೆಯ ಮನೆಗಳಲ್ಲಿ ಇರುವ ದಾರಿ ನನಗೆ ತಮಾಷೆಯಾಗಿಯೂ ನ್ಯಾಯವಾಗಿಯೂ ಕಾಣುತ್ತದೆ. ಯಶಸ್ವಿನಿಗೆ ಬೇಕಾದದ್ದು ಸಂಘದ ಸದಸ್ಯತ್ವ. ಗಂಡ ಶಿಫ್ಟಿನಲ್ಲಿದ್ದಷ್ಟು ವರ್ಷವೂ ಹಸು ನೋಡಿದವಳು, ಎರಡು ಹೊತ್ತೂ ಹಾಲು ಹಾಕಿದವಳು ಹೆಂಡತಿ. ಹಾಗಾಗಿ ಎಷ್ಟೋ ಮನೆಗಳಲ್ಲಿ ಡೇರಿಯ ಪುಸ್ತಕದಲ್ಲಿರುವುದು ಅವಳ ಹೆಸರು. ಇಷ್ಟು ವರ್ಷ ಇಎಸ್‌ಐ ಕಾರ್ಡಿನಲ್ಲಿ ಅವನು ವಿಮಾದಾರ, ಅವಳು ಅವಲಂಬಿತೆ. ನೋಂದಣಿಯ ಕೊನೆಯ ದಿನದೊಳಗೆ ಅವಳು 500 ರೂಪಾಯಿ ಕಟ್ಟಿದರೆ ಯಶಸ್ವಿನಿಯಲ್ಲಿ ಅವಳು ಪ್ರಧಾನ ಸದಸ್ಯೆ, ಅವನ ಹೆಸರು ಅವಳ ಕೆಳಗಿನ ಸಾಲಿನಲ್ಲಿ.